ನೂರು ಕೋಳಿ, ಐದು ಗುಂಟೆ ತೋಟ: ಮಾಂಸಕ್ಕೆ ನಾಟಿ ತಳಿ ಸಾಕುವವರಿಗೆ

"ತೋಟದಲ್ಲಿ ಒಂದಷ್ಟು ನಾಟಿ ಕೋಳಿ ಬಿಡೋಣ ಅಂತಿದೀನಿ ಅಣ್ಣ, ಶೆಡ್ ಎಷ್ಟು ಅಡಿ ಕಟ್ಟಿಸ್ಲಿ?"

ಗುಬ್ಬಿಯಿಂದ, ಶಿರಾದಿಂದ, ಚಿಂತಾಮಣಿಯಿಂದ, ಮಾಲೂರಿನಿಂದ, ಎಲ್ಲಿಂದ ಫೋನ್ ಬಂದರೂ ಪ್ರಶ್ನೆ ಇದೇ. ಎಲ್ಲರೂ ಶೆಡ್‌ನಿಂದಲೇ ಶುರು ಮಾಡುತ್ತಾರೆ. ನಾನು ತಿರುಗಿ ಕೇಳುವುದು ಎರಡೇ ಮಾತು. ಯಾರಿಗೆ ಮಾರುತ್ತೀರಿ? ಮೊದಲ ಮೂರು ವಾರ ರಾತ್ರಿ ಎರಡು ಗಂಟೆಗೆ ಎದ್ದು ಮರಿ ನೋಡುವವರು ಯಾರು? ಈ ಎರಡಕ್ಕೂ ಉತ್ತರ ಇದ್ದರೆ ಹಳೆಯ ದನದ ಕೊಟ್ಟಿಗೆಯೇ ಸಾಕು. ಇಲ್ಲದಿದ್ದರೆ ಎರಡು ಲಕ್ಷದ ಶೆಡ್ ಕಟ್ಟಿಸಿದರೂ ಅದು ಮುಂದಿನ ವರ್ಷ ತೆಂಗಿನಕಾಯಿ ತುಂಬುವ ಕೋಣೆಯಾಗುತ್ತದೆ.

ಇಲ್ಲಿ ಹೇಳುತ್ತಿರುವುದು 100 ಕೋಳಿಯ ಲೆಕ್ಕ. ತೆಂಗು, ಮಾವು ಅಥವಾ ಹುಣಸೆ ಮರಗಳಿರುವ ಐದಾರು ಗುಂಟೆ ನೆರಳು ಜಾಗ ಇದ್ದವರಿಗೆ. ಕಂಪನಿಯವರು ಮರಿ, ಫೀಡ್, ಔಷಧಿ ಕೊಟ್ಟು, ಶೆಡ್ಡು, ಕರೆಂಟು, ದುಡಿಮೆ ನಿಮ್ಮದಾಗಿ, ಕೊನೆಗೆ ಕೆಜಿಗೆ ಇಷ್ಟು ಅಂತ ಸಾಕಣೆ ಕೂಲಿ ಕೊಡುವ ಬ್ರಾಯ್ಲರ್ ಕೋಳಿ ಒಪ್ಪಂದ ಬೇರೆಯೇ ಕಸುಬು. ಅದರ ಮಾತು ಇಲ್ಲಿಲ್ಲ. ಹೊರಗಿಂದ ಕೊಳ್ಳುವುದು ಆದಷ್ಟು ಕಡಿಮೆ, ಕೋಳಿಯ ಗೊಬ್ಬರ ತೋಟ ಬಿಟ್ಟು ಆಚೆ ಹೋಗಬಾರದು, ಔಷಧಿ ಅಂಗಡಿಯ ಮೆಟ್ಟಿಲು ಹತ್ತುವುದು ಅಪರೂಪ. ಸುಸ್ಥಿರ ಅಂತ ದೊಡ್ಡ ಹೆಸರು ಕೊಡುವುದು ಇಷ್ಟಕ್ಕೇ.

1. ಮಾರುವ ದಿನದಿಂದ ಹಿಂದಕ್ಕೆ ಎಣಿಸಿ

ಮರಿ ತಂದ ಮೇಲೆ ಗಿರಾಕಿ ಹುಡುಕಬೇಡಿ. ಮೊದಲು ಪಂಚಾಂಗ ತೆಗೆಯಿರಿ. ನಮ್ಮ ಕಡೆ ನಾಟಿ ಕೋಳಿಗೆ ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ. ಆಮೇಲೆ ಊರಹಬ್ಬ, ಮಾರಿಹಬ್ಬಗಳ ಸಾಲು. ಪಿತೃಪಕ್ಷದಲ್ಲಿ ಹಿರಿಯರಿಗೆ ಬಾಡಿನ ಎಡೆ ಇಡುವ ಮನೆಗಳು ಬಹಳ. ಶ್ರಾವಣ ಮಾತ್ರ ಕೋಳಿ ಸಾಕುವವನ ಪಾಲಿಗೆ ಒಣ ತಿಂಗಳು. ಆ ತಿಂಗಳಲ್ಲಿ ತೂಕಕ್ಕೆ ಬಂದ ಕೋಳಿ ದಿನಕ್ಕೆ ನೂರು ಗ್ರಾಂ ಫೀಡ್ ತಿನ್ನುತ್ತಾ ಕೂರುತ್ತದೆ, ಕೇಳುವವರಿರುವುದಿಲ್ಲ.

ಗಿರಿರಾಜ, ಕಾವೇರಿಯಂಥ ತಳಿ ಒಂದೂವರೆ ಕೆಜಿ ತೂಗಲು ಹೆಚ್ಚುಕಡಿಮೆ 80 ದಿನ. ಹೊಸತೊಡಕು ಮಾರ್ಚ್ ಕೊನೆಗೆ ಬಂದರೆ ಮರಿ ಇಳಿಯಬೇಕಾದ್ದು ಜನವರಿ ಎರಡನೇ ವಾರ. ಇದರಲ್ಲೊಂದು ತೊಡಕಿದೆ. ಮರಿಗೆ ಶಾಖ ಕೊಡುವುದು ಸಂಕ್ರಾಂತಿಯ ಚಳಿಯಲ್ಲಿ, ಕೋಳಿ ಬಲಿಯುವುದು ಮಾರ್ಚ್ ಬಿಸಿಲಲ್ಲಿ. ಎರಡೂ ಕಡೆ ಏಟು ತಿನ್ನುವ ಕಾಲ. ಹಾಗಾಗಿ ಮೊದಲ ಸಲ ಹಾಕುವವರು ಹೊಸತೊಡಕಿಗೆ ಕೈ ಹಾಕದೆ, ಜೂನ್ ಕೊನೆಗೆ ಮರಿ ಇಳಿಸಿ ಪಿತೃಪಕ್ಷಕ್ಕೆ ಮಾರುವುದು ಒಳ್ಳೆಯದು. ಶ್ರಾವಣ ಅಷ್ಟರಲ್ಲಿ ಕಳೆದಿರುತ್ತದೆ.

ಮರಿಗೆ ಮುಂಗಡ ಕೊಡುವ ಮೊದಲು ಮೂವತ್ತು ಮನೆಯವರ ಹೆಸರು ಬರೆದಿಟ್ಟುಕೊಳ್ಳಿ. "ಹಬ್ಬಕ್ಕೆ ಎರಡು ಕೋಳಿ ನನಗಿರಲಿ" ಅಂತ ಬಾಯಿಬಿಟ್ಟು ಹೇಳಿದವರದ್ದು ಮಾತ್ರ. "ನೋಡೋಣ ಬಿಡಿ" ಅಂದವರನ್ನು ಬರೆಯಬೇಡಿ.

2. ತಳಿ ಆರಿಸುವುದು

ಅಪ್ಪಟ ಊರ ನಾಟಿಯ ರುಚಿಗೆ ಸಮ ಇಲ್ಲ, ಆದರೆ ಒಂದೂವರೆ ಕೆಜಿ ಆಗಲು ಐದಾರು ತಿಂಗಳು ಬೇಕು. ತಿಪ್ಪೆ ಕೆದಕಿ, ಕಣದ ಕಾಳು ಹೆಕ್ಕಿ ಬದುಕುವ ಹತ್ತು ಕೋಳಿಗೆ ಅದು ಸರಿ. ನೂರು ಕೋಳಿಗೆ ಚೀಲದ ಫೀಡ್ ಹಾಕಿ ಆರು ತಿಂಗಳು ಸಾಕಿದರೆ ಕೋಳಿಗಿಂತ ಫೀಡೇ ದುಬಾರಿ.

ನಡುವಿನ ದಾರಿ ಸುಧಾರಿತ ನಾಟಿ ತಳಿಗಳು, ಅಂದರೆ ಬಣ್ಣದ ಗರಿ, ಗಟ್ಟಿ ಜೀವ ಉಳಿಸಿಕೊಂಡು ಬೇಗ ತೂಕ ಬರುವಂತೆ ಬೆಳೆಸಿದ ತಳಿಗಳು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಮಾಂಸಕ್ಕೆ ಚೆನ್ನ. ಅಲ್ಲಿಂದಲೇ ಬಂದ ಸ್ವರ್ಣಧಾರ ಮೈಯಲ್ಲಿ ಹಗುರ, ಮೊಟ್ಟೆ ಹೆಚ್ಚು, ನಾಯಿ ಕಂಡರೆ ಹಾರಿ ತಪ್ಪಿಸಿಕೊಳ್ಳುತ್ತದೆ. ಹೆಸರಘಟ್ಟದ ಕೇಂದ್ರ ಕುಕ್ಕುಟ ಸಂಸ್ಥೆಯ ಕಾವೇರಿ, ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದ ವನರಾಜ ಕೂಡ ಈ ಸೀಮೆಗೆ ಒಗ್ಗಿವೆ. ಸರ್ಕಾರಿ ಕೇಂದ್ರಗಳಲ್ಲಿ ಕೇಳಿದ ದಿನ ಮರಿ ಸಿಗುವುದಿಲ್ಲ, ಮುಂಚೆಯೇ ಹೆಸರು ಬರೆಸಬೇಕು. ತುಮಕೂರಿನವರು ಹಿರೇಹಳ್ಳಿ ಅಥವಾ ತಿಪಟೂರಿನ ಕೊನೇಹಳ್ಳಿ, ಕೋಲಾರದವರು ಟಮಕ, ಚಿಕ್ಕಬಳ್ಳಾಪುರದವರು ಚಿಂತಾಮಣಿಯ ಕುರುಬೂರು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮರಿ ಎಲ್ಲಿ ಸಿಗುತ್ತದೆ, ತರಬೇತಿ ಯಾವಾಗ ಎಂಬುದು ಅಲ್ಲಿ ತಿಳಿಯುತ್ತದೆ.

ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಬೀದಿಯಲ್ಲಿ ಬುಟ್ಟಿ ಹೊತ್ತು ಮಾರುವ, ಗುಲಾಬಿ ಹಸಿರು ಬಣ್ಣ ಬಳಿದ ಮರಿ ಕೊಳ್ಳುವುದು. ಅವು ಸಾಮಾನ್ಯವಾಗಿ ಮೊಟ್ಟೆ ತಳಿಯ ಗಂಡು ಮರಿಗಳು. ಎಷ್ಟು ತಿಂದರೂ ಮೈ ಹಿಡಿಯುವುದಿಲ್ಲ. ಎರಡು, ಗಿರಿರಾಜ ಸಾಕಿ "ಅಪ್ಪಟ ನಾಟಿ" ಅಂತ ಮಾರುವುದು. ಸಾರು ಕುದಿಯುವ ಹೊತ್ತಿನಲ್ಲೇ ಮನೆಯಾಕೆಗೆ ಗೊತ್ತಾಗಿಬಿಡುತ್ತದೆ. ತೋಟದಲ್ಲಿ ಬಿಟ್ಟು ಸಾಕಿದ ಗಿರಿರಾಜ ಅಂತಲೇ ಹೇಳಿ ಮಾರಿ, ಗಿರಾಕಿ ಉಳಿಯುತ್ತಾರೆ.

3. ಕಾಗದದ ಮೇಲೆ ಒಂದು ಲೆಕ್ಕ

ದರಗಳು ತಿಂಗಳಿಗೊಂದು ಥರ. ಲೆಕ್ಕದ ದಾರಿ ತಿಳಿಯಲಿ ಅಂತ ಒಂದು ದರ ಹಾಕಿದ್ದೇನೆ, ನಿಮ್ಮೂರಿನದು ತುಂಬಿಕೊಳ್ಳಿ. 100 ಮರಿ, ಒಂದಕ್ಕೆ 40 ರೂಪಾಯಿಯಂತೆ 4,000. ಎಂಟು ಸತ್ತು 92 ಉಳಿದವು ಅನ್ನಿ. ಒಂದೊಂದು ನಾಲ್ಕೂವರೆ ಕೆಜಿ ತಿಂದರೆ, ಸತ್ತವು ತಿಂದದ್ದೂ ಸೇರಿ 420 ಕೆಜಿ ಫೀಡ್, ಕೆಜಿಗೆ 40ರಂತೆ 16,800. ಲಸಿಕೆ, ಹೊಟ್ಟು, ಕರೆಂಟು 2,000. ಒಟ್ಟು 22,800. ಕೈಗೆ ಬರುವುದು 138 ಕೆಜಿ ಜೀವಂತ ತೂಕ. ಅಂದರೆ ನಿಮ್ಮ ದುಡಿಮೆ, ಶೆಡ್ಡಿನ ಖರ್ಚು ಬಿಟ್ಟೇ ಕೆಜಿಗೆ 165 ರೂಪಾಯಿ ಬಿತ್ತು.

ಈಗ ಅಂಗಡಿಯವನು ಬಂದು "150ಕ್ಕೆ ಎಲ್ಲಾ ತುಂಬ್ಕೊಂಡು ಹೋಗ್ತೀನಿ" ಅಂದರೆ ಏನಾಗುತ್ತದೆ ನೋಡಿ. ನೂರು ಕೋಳಿಯವನು ಸಗಟು ದರಕ್ಕೆ ಮಾರಿ ಬದುಕಲಾರ. ಒಂದೊಂದೇ ಮನೆಗೆ ಮಾರಬೇಕು, ಇಲ್ಲವೇ ಫೀಡ್ ಖರ್ಚು ಇಳಿಸಬೇಕು. ಎರಡೂ ಮಾಡಿದರೆ ನಾಲ್ಕು ಕಾಸು ಉಳಿಯುತ್ತದೆ. ತೋಟದ ಮೇವಿನಿಂದ ಫೀಡ್‌ನಲ್ಲಿ ಶೇ 15 ಉಳಿಸಿದರೆ ಅದೇ ಕೋಳಿ ಕೆಜಿಗೆ 147ಕ್ಕೆ ಇಳಿಯುತ್ತದೆ.

ಸಬ್ಸಿಡಿ ಕೇಳುವವರಿಗೆ: ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್ ಅಡಿ ಶೇ 50ರ ಸಹಾಯಧನ ಇರುವುದು ತಾಯಿಕೋಳಿ ಸಾಕಿ ಮರಿ ಮಾಡಿಸುವ ದೊಡ್ಡ ಘಟಕಕ್ಕೆ, ಸಾವಿರ ಕೋಳಿಯ ಲೆಕ್ಕದಲ್ಲಿ. ನಿಮ್ಮ ನೂರು ಕೋಳಿಗಲ್ಲ. ಅದನ್ನು ನಂಬಿ ಸಾಲ ಮಾಡಬೇಡಿ.

4. ಮನೆ

20 ಅಡಿ ಉದ್ದ, 10 ಅಡಿ ಅಗಲ ಸಾಕು. ಹಗಲು ಹೊರಗಿರುವ ಕೋಳಿಗೆ ರಾತ್ರಿ ತಲಾ ಎರಡು ಚದರಡಿ ಸಿಗುತ್ತದೆ. ಉದ್ದ ಪೂರ್ವ–ಪಶ್ಚಿಮಕ್ಕಿರಲಿ, ಆಗ ಬಿಸಿಲು ಒಳಗೆ ನುಗ್ಗುವುದಿಲ್ಲ. ನೆಲ ಹೊರಗಿಗಿಂತ ಒಂದಡಿ ಎತ್ತರ, ಗೋಡೆ ಒಂದೂವರೆ ಅಡಿ, ಅದರ ಮೇಲೆ ಜಾಲರಿ. ಶೀಟಿನ ಮೇಲೆ ತೆಂಗಿನ ಸೋಗೆ ಹೊದಿಸಿದರೆ ಬೇಸಿಗೆಗೆ ಬೇರೆ ಏರ್ಪಾಡು ಬೇಡ.

ದುಡ್ಡು ಹಾಕಬೇಕಾದ ಜಾಗ ಜಾಲರಿ. ಕೆಳಗಿನ ಮೂರಡಿಗೆ ಅರ್ಧ ಇಂಚು ಕಣ್ಣಿನದು ಹಾಕಿಸಿ. ಬೇಲಿಗೆ ಹಾಕುವ ಅಗಲ ಕಣ್ಣಿನ ಜಾಲರಿಯಲ್ಲಿ ಮುಂಗುಸಿ ಮರಿ ನುಸುಳುತ್ತದೆ, ಹೆಗ್ಗಣವಂತೂ ಕೇಳಲೇಬೇಡಿ. ಗೋಡೆಯ ಬುಡದಲ್ಲೂ ಜಾಲರಿ ಒಂದಡಿ ಮಣ್ಣಿನೊಳಗೆ ಇಳಿದಿರಲಿ. ಒಂದು ಮುಂಗುಸಿ ಒಳಗೆ ಬಂದರೆ ಒಂದನ್ನು ತಿಂದು ಹೋಗುವ ಜಾತಿಯಲ್ಲ. ಬೆಳಿಗ್ಗೆ ಬಾಗಿಲು ತೆಗೆದವರಿಗೆ ಗೊತ್ತು.

5. ಮರಿ ಬರುವ ಹಿಂದಿನ ದಿನ

ಈ ಹಂತವನ್ನು ಎರಡು ಸಲ ಓದಿ. ನಷ್ಟವಾದವರಲ್ಲಿ ಮುಕ್ಕಾಲು ಪಾಲು ಮಂದಿ ಸೋಲುವುದು ಇಲ್ಲೇ.

ಮರಿಗೆ ತಾಯಿಯ ರೆಕ್ಕೆಯ ಶಾಖ ಸಿಗುವುದಿಲ್ಲವಲ್ಲ, ಅದಕ್ಕೆ ನಾವು ಮಾಡುವ ಏರ್ಪಾಡಿಗೆ ಬ್ರೂಡರ್ ಅನ್ನುತ್ತಾರೆ. ನೂರು ಮರಿಗೆ ಆರಡಿ ಅಗಲದ ಒಂದು ವೃತ್ತ. ಒಂದೂವರೆ ಅಡಿ ಎತ್ತರದ ತಗಡು ಅಥವಾ ರಟ್ಟು, 19 ಅಡಿ ಉದ್ದದ್ದು ತಂದು ಸುತ್ತಿದರೆ ಆಯಿತು. ವೃತ್ತವೇ ಏಕೆಂದರೆ, ಮೂಲೆ ಇದ್ದರೆ ಚಳಿಗೆ ಮರಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಕೆಳಗಿನವು ಉಸಿರುಗಟ್ಟಿ ಸಾಯುತ್ತವೆ.

ನೆಲಕ್ಕೆ ಎರಡು ಮೂರು ಇಂಚು ಭತ್ತದ ಹೊಟ್ಟು. ಪಾವಗಡ, ಶಿರಾ ಕಡೆಯವರು ಕಡಲೆಕಾಯಿ ಸಿಪ್ಪೆ ಹಾಕಬಹುದು, ಬೂಸ್ಟು ಹಿಡಿದಿರಬಾರದಷ್ಟೆ. ಅದರ ಮೇಲೆ ಮೊದಲ ಮೂರು ದಿನ ಹಳೇ ಪೇಪರ್ ಹಾಸಿ, ಇಲ್ಲದಿದ್ದರೆ ಮರಿ ಹೊಟ್ಟನ್ನೇ ಮೇವು ಅಂತ ತಿನ್ನುತ್ತದೆ. ನುಣುಪು ಪೇಪರ್ ಬೇಡ, ಕಾಲು ಜಾರಿ ಸೊಟ್ಟಗಾಗುತ್ತವೆ.

ಶಾಖಕ್ಕೆ ಮರಿಗೆ ಎರಡು ವ್ಯಾಟ್‌ನಂತೆ 200 ವ್ಯಾಟ್. 100ರ ಎರಡು ಬಲ್ಬು, ಹಳೇ ಕಾಲದ ತಂತಿ ಉರಿಯುವ ಗಾಜಿನ ಬಲ್ಬು. ಎಲ್ಇಡಿ ಅಲ್ಲ! ನನ್ನ ಎರಡನೇ ತಂಡದಲ್ಲಿ ಒಂದು ಬಲ್ಬು ಸುಟ್ಟುಹೋಯಿತು. ಊರಿನ ಅಂಗಡಿಯಲ್ಲಿ ಸಿಕ್ಕಿದ್ದು ಎಲ್ಇಡಿ ಮಾತ್ರ, ಬೆಳಕು ಜೋರಾಗಿಯೇ ಇತ್ತು, ಹಾಕಿ ಮಲಗಿದೆ. ಬೆಳಿಗ್ಗೆ ಉಳಿದೊಂದು ಗಾಜಿನ ಬಲ್ಬಿನ ಕೆಳಗೆ ಮರಿಗಳು ಗುಪ್ಪೆ ಬಿದ್ದಿದ್ದವು. ಮೇಲಿನವನ್ನು ಒಂದೊಂದಾಗಿ ಎತ್ತಿದರೆ ಕೆಳಗೆ ಹದಿನೆಂಟು ಚಪ್ಪಟೆಯಾಗಿದ್ದವು. ಎಲ್ಇಡಿ ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಇನ್ಫ್ರಾರೆಡ್ ಬಲ್ಬು, ಅಂದರೆ ಶಾಖಕ್ಕೆಂದೇ ಮಾಡಿದ ಕೆಂಪು ಬಲ್ಬು ಸಿಕ್ಕರೆ ಇನ್ನೂ ವಾಸಿ.

ಕರೆಂಟ್ ಹೋಗುವುದನ್ನು ಲೆಕ್ಕಕ್ಕೆ ಹಿಡಿದೇ ಸಿದ್ಧರಾಗಿ. ತೋಟದ ಮನೆ ಪಂಪ್‌ಸೆಟ್ ಲೈನಿನಲ್ಲಿದ್ದರೆ ರಾತ್ರಿಯ ಪಾಡು ನಿಮಗೇ ಗೊತ್ತು. ಮೊದಲ ಮೂರು ವಾರ ಮರಿಗಳನ್ನು ಊರೊಳಗಿನ ಮನೆಯ ಒಂದು ಕೋಣೆಯಲ್ಲೇ ಇಟ್ಟುಕೊಳ್ಳುವುದು ಜಾಣತನ. ಇದ್ದಿಲ ಬೋಗುಣಿ ಇಡುವವರು ಕೆಂಡ ಪೂರ್ತಿ ನಿಗಿನಿಗಿಯಾದ ಮೇಲೆ, ಹೊಗೆ ಇಲ್ಲದಾಗ ಮಾತ್ರ ಒಳಗೆ ತನ್ನಿ. ಸುತ್ತ ಜಾಲರಿ ಕಟ್ಟಿ, ಮೇಲ್ಗಡೆ ಗಾಳಿಗೆ ಜಾಗ ಬಿಡಿ. ಮುಚ್ಚಿದ ಕೋಣೆಯ ಕೆಂಡದ ವಿಷಗಾಳಿ ಮರಿಯನ್ನಷ್ಟೇ ಅಲ್ಲ, ಪಕ್ಕದಲ್ಲಿ ಮಲಗಿದ ಮನುಷ್ಯನನ್ನೂ ಕೊಲ್ಲುತ್ತದೆ.

ಬಲ್ಬುಗಳನ್ನು ಮರಿ ಬರುವ ಆರು ಗಂಟೆ ಮುಂಚೆ ಹಾಕಿ. ಗಾಳಿ ಬಿಸಿಯಾದರೆ ಸಾಲದು, ಹೊಟ್ಟೂ ಬೆಚ್ಚಗಾಗಬೇಕು.

6. ಮೊದಲ 21 ದಿನ

ಪೆಟ್ಟಿಗೆ ತೆರೆದು ಒಂದೊಂದೇ ಮರಿ ಎಣಿಸುತ್ತಾ, ಕೊಕ್ಕನ್ನು ಒಮ್ಮೆ ನೀರಿಗೆ ಅದ್ದಿ ಒಳಗೆ ಬಿಡಿ. ಕುದಿಸಿ ಆರಿಸಿದ ನೀರಿಗೆ ಲೀಟರಿಗೆ 50 ಗ್ರಾಂ ಬೆಲ್ಲ, ಮೊದಲ ಕೆಲವು ಗಂಟೆಗೆ ಮಾತ್ರ. ದಿನಪೂರ್ತಿ ಬೆಲ್ಲದ ನೀರಿಟ್ಟರೆ ಭೇದಿ ಹತ್ತುತ್ತದೆ. ಹೊಕ್ಕುಳು ಒದ್ದೆಯಾಗಿರುವ, ಊದಿರುವ ಮರಿ ಬೇರೆ ಇಡಿ. ಒಂದೆರಡು ಗಂಟೆ ಬಿಟ್ಟು ಪೇಪರ್ ಮೇಲೆ ಜೋಳದ ನುಚ್ಚು, ಆಮೇಲೆ ಮರಿ ಫೀಡ್.

ಆ ರಾತ್ರಿ ಒಂದು ಪರೀಕ್ಷೆ ಮಾಡಿ. ಹತ್ತು ಮರಿ ಹಿಡಿದು ಕತ್ತಿನ ಬುಡದಲ್ಲಿರುವ ಮೇವಿನ ಚೀಲವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಗಂಜಿ ತುಂಬಿದ ಪುಟ್ಟ ಚೀಲದ ಹಾಗೆ ಮೆತ್ತಗಿದ್ದರೆ ತಿಂದು ಕುಡಿದಿದೆ. ಗಟ್ಟಿ ಕಾಳು ಸಿಕ್ಕಿದರೆ ನೀರು ಸಿಕ್ಕಿಲ್ಲ. ಖಾಲಿ ಇದ್ದರೆ ಎರಡೂ ಇಲ್ಲ, ನೀರು ಮೇವಿನ ತಟ್ಟೆ ಬೆಳಕಿನ ಹತ್ತಿರಕ್ಕೆ ತನ್ನಿ.

ಶಾಖ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಇಳಿಸುವುದೆಂದರೆ ಬಲ್ಬನ್ನು ಒಂದೊಂದು ಗೇಣು ಮೇಲೆತ್ತುವುದು. ಥರ್ಮಾಮೀಟರ್ ಮರಿಯ ಬೆನ್ನಿನ ಎತ್ತರದಲ್ಲಿರಲಿ, ನಿಮ್ಮ ಕಣ್ಣಿನ ಎತ್ತರದಲ್ಲಲ್ಲ. ಅದೂ ಇಲ್ಲದಿದ್ದರೆ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಗುಂಪುಗೂಡಿ ಕಿಚಕಿಚ ಅಂದರೆ ಚಳಿ. ತಗಡಿಗೆ ಅಂಟಿಕೊಂಡು ಬಾಯಿ ತೆರೆದಿದ್ದರೆ ಸೆಕೆ. ಎಲ್ಲಾ ಒಂದೇ ಪಕ್ಕಕ್ಕೆ ಸರಿದಿದ್ದರೆ ಎದುರಿನಿಂದ ಗಾಳಿ ಹೊಡೆಯುತ್ತಿದೆ, ಗೋಣಿಚೀಲ ಕಟ್ಟಿ. ವೃತ್ತದ ತುಂಬ ಚೆದುರಿ, ಕೆಲವು ತಿನ್ನುತ್ತಾ ಕೆಲವು ಕಾಲು ಚಾಚಿ ಮಲಗಿದ್ದರೆ ನೀವೂ ಹೋಗಿ ಮಲಗಬಹುದು.

ಹೊಟ್ಟನ್ನು ದಿನಾ ಕೈಯಾಡಿಸಿ ಮೇಲೆ ಕೆಳಗೆ ಮಾಡಿ. ಒಂದು ಹಿಡಿ ಹಿಡಿದು ಒತ್ತಿ ಬಿಡಿ. ಉದುರಿದರೆ ಸರಿ, ಉಂಡೆ ಕಟ್ಟಿದರೆ ಒದ್ದೆ. ಒದ್ದೆಯಾದ ಜಾಗವನ್ನು ಅಂದೇ ಎತ್ತಿ ಹಾಕಿ. ಮೂರನೇ ವಾರದಿಂದ ಬರುವ ರಕ್ತಭೇದಿ ಹುಟ್ಟುವುದು ಅಲ್ಲೇ.

7. ಲಸಿಕೆ

ಕೊಕ್ಕರೆ ರೋಗ, ಪುಸ್ತಕದಲ್ಲಿ ರಾಣಿಖೇತ್ ಅನ್ನುವುದು ಇದನ್ನೇ, ಬಂದ ಮೇಲೆ ಮದ್ದಿಲ್ಲ. ಹಸಿರು ಭೇದಿ, ಕತ್ತು ತಿರುಚಿಕೊಳ್ಳುವುದು, ಮೂರು ದಿನದಲ್ಲಿ ಗೂಡು ಖಾಲಿ. ಮೊದಲ ದಿನದ, ಮಾರೆಕ್ಸ್ ಎಂಬ ಇನ್ನೊಂದು ರೋಗದ ಲಸಿಕೆ ಮರಿ ಕೇಂದ್ರದಲ್ಲೇ ಆಗಿರಬೇಕು, ಕೇಳಿ ಖಚಿತ ಮಾಡಿಕೊಳ್ಳಿ. ಆಮೇಲಿನದು ನಿಮ್ಮ ಕೆಲಸ. 5ರಿಂದ 7ನೇ ದಿನ ಕೊಕ್ಕರೆ ರೋಗದ ಲಸಿಕೆ, ಲಸೋಟಾ ಅಥವಾ ಎಫ್1, ಕಣ್ಣಿಗೆ ಒಂದು ಹನಿ. 14ನೇ ದಿನ ಗಂಬೋರೊ, ಇದು ರೋಗನಿರೋಧಕ ಶಕ್ತಿಯನ್ನೇ ಕುಂದಿಸುವ ಕಾಯಿಲೆಗೆ. 28ನೇ ದಿನದ ಹೊತ್ತಿಗೆ ಮತ್ತೆ ಲಸೋಟಾ, ಕುಡಿಯುವ ನೀರಿನಲ್ಲಿ. ಎಂಟನೇ ವಾರ ಅದೇ ಕೊಕ್ಕರೆ ರೋಗಕ್ಕೆ ಆರ್‌2ಬಿ ಚುಚ್ಚುಮದ್ದು. ಸಿಡುಬಿನ ಕಾಟ ಇರುವ ಊರಾದರೆ ಆರನೇ ವಾರ ಅದರದ್ದೂ ಹಾಕಿಸಿ. ಈ ಪಟ್ಟಿಯನ್ನು ನಿಮ್ಮ ಪಶು ಆಸ್ಪತ್ರೆಯ ವೈದ್ಯರಿಗೆ ತೋರಿಸಿ, ಸುತ್ತಲ ರೋಗ ನೋಡಿ ಅವರು ದಿನ ಹಿಂದುಮುಂದು ಮಾಡಬಹುದು.

ಲಸಿಕೆ ಹಾಕಿಸಿಯೂ ಕೋಳಿ ಸತ್ತವು ಅನ್ನುವವರನ್ನು ಕೇಳಿದರೆ ಕಥೆ ಒಂದೇ ಇರುತ್ತದೆ: ಪೇಟೆಯಿಂದ ಜೇಬಿನಲ್ಲಿಟ್ಟುಕೊಂಡು ಬೈಕಿನಲ್ಲಿ ಬಂದಿರುತ್ತಾರೆ. ಲಸಿಕೆಯಲ್ಲಿರುವುದು ಜೀವಂತ ವೈರಾಣು, 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಐಸ್ ಹಾಕಿದ ಫ್ಲಾಸ್ಕಿನಲ್ಲಿ ತನ್ನಿ. ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ನಾಳೆಗೆ ಫ್ರಿಜ್‌ನಲ್ಲಿಡಬೇಡಿ. ನೀರಿನಲ್ಲಿ ಕೊಡುವಾಗ ನಲ್ಲಿಯ ಕ್ಲೋರಿನ್ ನೀರು ಬೇಡ, ಸಾವಿರ ಅಡಿ ಆಳದ ಬೋರ್‌ವೆಲ್ಲಿನ ಗಡಸು ನೀರನ್ನೂ ಕುದಿಸಿ ಆರಿಸಿ, ಲೀಟರಿಗೆ 5 ಗ್ರಾಂ ಕೆನೆರಹಿತ ಹಾಲಿನ ಪುಡಿ ಕಲಸಿ ಆಮೇಲೆ ಲಸಿಕೆ ಬೆರೆಸಿ. ಅದಕ್ಕೂ ಮುಂಚೆ ಒಂದೆರಡು ಗಂಟೆ ನೀರು ತೆಗೆದಿಟ್ಟರೆ ಎಲ್ಲವೂ ಬಂದು ಕುಡಿಯುತ್ತವೆ. ಸೀಸೆಯಲ್ಲಿ ನಿಮಗೆ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಪಕ್ಕದ ಮನೆಯವರ ಕೋಳಿಗೂ ಅದೇ ದಿನ ಹಾಕಿಬಿಡಿ, ಅವರ ಕೋಳಿಗೆ ಬಂದ ರೋಗ ಬೇಲಿ ನೋಡಿ ನಿಲ್ಲುವುದಿಲ್ಲ.

8. ಮೇವು

ಐದು ವಾರ ತುಂಬುವವರೆಗೆ ಚೀಲದ ಮರಿ ಫೀಡನ್ನೇ ಕೊಡಿ, ಪ್ರೋಟೀನ್ ಶೇ 20–22 ಇರುವಂಥದ್ದು. ಇಲ್ಲಿ ಕೈಬಿಗಿ ಹಿಡಿದರೆ ಆ ತೂಕ ಮತ್ತೆ ಬರುವುದಿಲ್ಲ. ಬೆಲೆ ಕಡಿಮೆ ಅಂತ ಮೊಟ್ಟೆ ಕೋಳಿಯ ಲೇಯರ್ ಫೀಡ್ ಹಾಕುವವರಿದ್ದಾರೆ. ಅದರಲ್ಲಿ ಸುಣ್ಣದಂಶ ಹೆಚ್ಚು, ಬೆಳೆಯುವ ಕೋಳಿಯ ಮೂತ್ರಪಿಂಡ ಕೆಡುತ್ತದೆ.

ಆರನೇ ವಾರದಿಂದ ಮನೆಯಲ್ಲೇ ಕಲಸಬಹುದು. 100 ಕೆಜಿಗೆ ಮುಸುಕಿನ ಜೋಳದ ನುಚ್ಚು 50, ರಾಗಿ 12, ಸೋಯಾ ಹಿಂಡಿ 24, ಕಡಲೆಕಾಯಿ ಹಿಂಡಿ 4, ಅಕ್ಕಿ ತೌಡು 7. ಉಳಿದ 3 ಕೆಜಿ ಕೋಳಿಗೆಂದೇ ಸಿಗುವ ಖನಿಜ-ವಿಟಮಿನ್ ಮಿಶ್ರಣ, ಸುಣ್ಣಕಲ್ಲಿನ ಪುಡಿ ಮತ್ತು ಉಪ್ಪು, ಉಪ್ಪು ಮಾತ್ರ 300 ಗ್ರಾಂ ದಾಟಬಾರದು. ಪ್ರೋಟೀನ್ ಶೇ 18ರ ಮೇಲೆ ಬರುತ್ತದೆ. ಕೈಯಿಂದ ಕಲಸುವಾಗ ಖನಿಜ, ಉಪ್ಪನ್ನು ಮೊದಲು ಎರಡು ಕೆಜಿ ತೌಡಿಗೆ ಸೇರಿಸಿಕೊಂಡು ಆಮೇಲೆ ರಾಶಿಗೆ ಹಾಕಿ, ಇಲ್ಲದಿದ್ದರೆ ಒಂದೇ ಕಡೆ ನಿಂತುಬಿಡುತ್ತದೆ.

ಕಡಲೆಕಾಯಿ ಹಿಂಡಿ ನಾಲ್ಕೇ ಕೆಜಿ ಏಕೆ ಅಂತ ಪಾವಗಡದವರು ಕೇಳುತ್ತಾರೆ, ಅಗ್ಗಕ್ಕೆ ಸಿಗುತ್ತದಲ್ಲ ಎಂದು. ಮುಗ್ಗಿದ ಕಡಲೆಕಾಯಿ, ಹಸಿ ಜೋಳದಲ್ಲಿ ಬೆಳೆಯುವ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಕೋಳಿಯ ಪಿತ್ತಜನಕಾಂಗ ಹಾಳಾಗುತ್ತದೆ, ಹಾಕಿಸಿದ ಲಸಿಕೆಯೂ ಹಿಡಿಯುವುದಿಲ್ಲ. ಒಣಗಿಸಿದರೂ ಹುರಿದರೂ ಆ ವಿಷ ಹೋಗದು. ಜೋಳ ಕೊಳ್ಳುವಾಗ ಕಾಳು ಕಚ್ಚಿ ನೋಡಿ, ಕಟ್ ಅನ್ನಬೇಕು.

ಶಿಡ್ಲಘಟ್ಟದ ಸುತ್ತಮುತ್ತಲವರಿಗೆ ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆ ಹುಳು ಸಿಗುತ್ತದೆ. ಎಣ್ಣೆ ತೆಗೆದ ಪುಡಿಯಲ್ಲಿ ಪ್ರೋಟೀನ್ ಶೇ 60 ದಾಟುತ್ತದೆ, ನೂರಕ್ಕೆ ಐದರವರೆಗೆ ಬೆರೆಸಬಹುದು. ಹಸಿ ಹುಳು ಬೇಗ ಕಮಟುತ್ತದೆ, ಆ ವಾಸನೆ ಮಾಂಸಕ್ಕೂ ಹತ್ತುತ್ತದೆ. ಮಾರುವುದಕ್ಕೆ ಎರಡು ಮೂರು ವಾರ ಮುಂಚೆ ನಿಲ್ಲಿಸಿ.

ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಸೊಪ್ಪು ಅಜೋಲಾ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಅಜೋಲಾ ಬೆಳೆದರೆ ಫೀಡೇ ಬೇಡ ಅನ್ನುವ ವಿಡಿಯೊ ನೋಡಿ ಬಂದವರೇ ಹೆಚ್ಚು. 8 ಅಡಿಗೆ 4 ಅಡಿ ಗುಂಡಿಯಲ್ಲಿ ದಿನಕ್ಕೆ ಮುಕ್ಕಾಲು ಕೆಜಿ ಬರುತ್ತದೆ ಅನ್ನಿ. ಅದರಲ್ಲಿ ಶೇ 90ಕ್ಕೂ ಮೇಲೆ ನೀರು. ಒಣಗಿಸಿದರೆ ಕೈಗೆ ಸಿಗುವುದು 50 ಗ್ರಾಂ ಆಸುಪಾಸು. ಎಂಟು ವಾರದ ನೂರು ಕೋಳಿ ದಿನಕ್ಕೆ ತಿನ್ನುವುದು ಎಂಟು ಕೆಜಿ. ಕೊಡಿ, ಸೊಪ್ಪಿನ ಗುಣ ಒಳ್ಳೆಯದೇ, ಆದರೆ ಅದು ಒಗ್ಗರಣೆ, ಊಟವಲ್ಲ.

9. ತೋಟಕ್ಕೆ ಬಿಡುವುದು

ಐದಾರು ವಾರಕ್ಕೆ, ಮೈತುಂಬ ಗರಿ ಬಂದ ಮೇಲೆ ಬಿಡಿ. ಐದು ಗುಂಟೆಯನ್ನು ನೈಲಾನ್ ಬಲೆಯಿಂದ ನಾಲ್ಕು ಪಾಲು ಮಾಡಿ, ವಾರಕ್ಕೊಂದು ಪಾಲಿಗೆ ಸರಿಸುತ್ತಾ ಹೋಗಿ. ಒಂದೇ ಕಡೆ ಬಿಟ್ಟರೆ ಹದಿನೈದು ದಿನಕ್ಕೆ ನೆಲ ಬೋಳಾಗಿ, ಜಂತುಹುಳದ ಮೊಟ್ಟೆ ಅಲ್ಲೇ ಕೂಡಿಕೊಳ್ಳುತ್ತದೆ. ಸಂಜೆ ಮಾತ್ರ ಫೀಡ್ ಶೆಡ್ಡಿನೊಳಗೇ ಹಾಕಿ, ಐದೂವರೆಗೆ ಅವೇ ಬಂದು ಬಾಗಿಲಲ್ಲಿ ನಿಲ್ಲುತ್ತವೆ.

ತಿಪ್ಪೆಯ ಪಕ್ಕದ ಪಾಲಿಗೆ ಬಿಟ್ಟ ವಾರ ನೋಡಬೇಕು. ಗೊಬ್ಬರದೊಳಗಿನ ಬೆಳ್ಳನೆ ಗೊಣ್ಣೆಹುಳುಗಳನ್ನು ಕಾಲಿನಿಂದ ಕೆದಕಿ, ಒಂದು ಕೋಳಿ ಕಚ್ಚಿಕೊಂಡು ಓಡಿದರೆ ಹತ್ತು ಬೆನ್ನಟ್ಟುತ್ತವೆ. ತೆಂಗಿನ ಸುಳಿ ಕೊರೆಯುವ ದುಂಬಿ ಹುಟ್ಟುವುದು ಈ ಹುಳುವಿನಿಂದಲೇ. ಕೋಳಿಯ ಹೊಟ್ಟೆಯೂ ತುಂಬಿತು, ತೆಂಗೂ ಉಳಿಯಿತು.

ಎಚ್ಚರ ಇರಬೇಕಾದ್ದು ಕೀಟನಾಶಕ. ಕಾರ್ಬೋಫ್ಯೂರಾನ್‌ನಂಥ ಹರಳು ವಿಷ ನೆಲದ ಮೇಲೆ ಕಾಳಿನ ಹಾಗೇ ಕಾಣುತ್ತದೆ, ನಾಲ್ಕು ಹರಳು ನುಂಗಿದರೆ ಕೋಳಿ ಅಲ್ಲೇ ಬೀಳುತ್ತದೆ. ಹಿಪ್ಪುನೇರಳೆ, ಟೊಮೆಟೊ ಬೆಳೆಯುವ ಪಕ್ಕದ ಹೊಲದವರಿಗೆ ಸಿಂಪಡಿಸುವ ದಿನ ಮೊದಲೇ ಹೇಳಿ ಅಂತ ಕೇಳಿಕೊಳ್ಳಿ.

ಕೆರೆ ನೀರು ನೇರವಾಗಿ ಕುಡಿಸಬೇಡಿ. ಕೋಲಾರದ ಕೆರೆಗಳಿಗೆ 2018ರಿಂದ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅದೂ ಅಲ್ಲದೆ, ಕೆರೆಗೆ ಇಳಿಯುವ ಕಾಡುಹಕ್ಕಿಗಳ ಹಿಕ್ಕೆಯಿಂದ ರೋಗ ಹರಡುತ್ತದೆ.

10. ಕಾಯಿಲೆ ಬಂದಾಗ

ಮುದುರಿ ನಿಂತ ಕೋಳಿಯನ್ನು ಮೊದಲು ಬೇರೆ ಮಾಡಿ, ಔಷಧಿ ಆಮೇಲೆ. ಸಂತೆಯಿಂದ ತಂದ ಹುಂಜವನ್ನು ಮೂರು ವಾರ ದೂರ ಕಟ್ಟಿಹಾಕದೆ ಗುಂಪಿಗೆ ಸೇರಿಸಬೇಡಿ. ಬೇರೆಯವರ ಫಾರಂ ನೋಡಿ ಬಂದ ಚಪ್ಪಲಿ ಶೆಡ್ಡಿನ ಹೊರಗೇ ಇರಲಿ, ಬಾಗಿಲಲ್ಲಿ ಸುಣ್ಣದ ಪುಡಿ ಹಾಕಿಡಿ. ಅತಿ ಅಂದುಕೊಳ್ಳಬೇಡಿ. 2012ರಲ್ಲಿ ಹೆಸರಘಟ್ಟದ ಕೇಂದ್ರಕ್ಕೇ ಹಕ್ಕಿಜ್ವರ ನುಗ್ಗಿತ್ತು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿ ಕಾಣಿಸಿಕೊಂಡಾಗ ಸುತ್ತಲ ಕೋಳಿಗಳನ್ನೆಲ್ಲ ಕೊಲ್ಲಬೇಕಾಯಿತು. ಒಂದೇ ದಿನ ನಾಲ್ಕಾರು ಕೋಳಿ ದಿಢೀರನೆ ಸತ್ತರೆ ಕೊಯ್ದು ನೋಡಲು ಹೋಗಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಸತ್ತದ್ದನ್ನು ನಾಯಿಗೆ ಎಸೆಯುವುದು, ಹಳ್ಳಕ್ಕೆ ಬಿಡುವುದು ಬೇಡವೇ ಬೇಡ. ಬೋರ್‌ವೆಲ್ಲಿನಿಂದ ದೂರ ಮೂರಡಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ.

"ಬೆಳವಣಿಗೆಗೆ" ಅಂತ ಅಂಗಡಿಯವರು ಕೊಡುವ ಆ್ಯಂಟಿಬಯಾಟಿಕ್ ಪುಡಿ ಕೊಳ್ಳಬೇಡಿ. ಕೊಲಿಸ್ಟಿನ್ ಎಂಬ ಔಷಧಿಯನ್ನು ಕೋಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ, ಮನುಷ್ಯರಿಗೆ ಬೇರೆ ಯಾವುದೂ ನಾಟದಾಗ ಉಳಿಯುವ ಕೊನೆಯ ಮದ್ದುಗಳಲ್ಲಿ ಅದೊಂದು. ವೈದ್ಯರು ಬರೆದುಕೊಟ್ಟ ಔಷಧಿ ಹಾಕಿದರೂ ಎಷ್ಟು ದಿನ ಮಾರಬಾರದು ಎಂದು ಕೇಳಿ, ಆ ದಿನಗಳನ್ನು ಬಿಟ್ಟೇ ಮಾರಿ.

ಬೇಸಿಗೆಯಲ್ಲಿ ಬಾಯಿ ತೆರೆದು, ರೆಕ್ಕೆ ಇಳಿಬಿಟ್ಟು ನಿಂತ ಕೋಳಿಗೆ ಕಾಯಿಲೆ ಇಲ್ಲ, ಅದು ಸೆಕೆ. ಫೀಡ್ ಬೆಳಿಗ್ಗೆ ಏಳರೊಳಗೆ ಮತ್ತು ಸಂಜೆ ಐದರ ಮೇಲೆ ಕೊಡಿ, ಮಧ್ಯಾಹ್ನ ತಿಂದರೆ ಮೈ ಇನ್ನಷ್ಟು ಕಾಯುತ್ತದೆ. ನೂರು ಕೋಳಿಗೆ 20 ಲೀಟರ್ ಇದ್ದ ನೀರು ಆಗ 30 ದಾಟುತ್ತದೆ. ಮಣ್ಣಿನ ಮಡಕೆ ನೆರಳಿನಲ್ಲಿಡಿ.

11. ಮಾರಾಟ, ಖಾಲಿ ಶೆಡ್

ಎಲ್ಲವನ್ನೂ ಒಂದೇ ದಿನ ಮಾರಬೇಕಿಲ್ಲ. ಹಬ್ಬಕ್ಕೆ ಅರವತ್ತು, ಉಳಿದವು ಎರಡು ಮೂರು ಭಾನುವಾರ. ಹುಂಜಗಳನ್ನು ಮೊದಲು ಕೊಡಿ, ಕಾದಾಡಿ ತೂಕ ಇಳಿಸಿಕೊಳ್ಳುವುದು ಅವೇ. ಹಿಡಿಯುವುದು ಕತ್ತಲಲ್ಲಿ, ಮಂಕರಿಗೆ ಹಾಕುವುದು ನಸುಕಿನಲ್ಲಿ. ಕೊಡುವ ಎಂಟು ಗಂಟೆ ಮುಂಚೆ ಫೀಡ್ ತೆಗೆಯಿರಿ, ನೀರು ಇರಲಿ. ಹೊಟ್ಟೆ ತುಂಬಿಸಿ ತೂಗಿದರೆ ಒಮ್ಮೆ ಲಾಭ, ಮುಂದಿನ ಹಬ್ಬಕ್ಕೆ ಆ ಗಿರಾಕಿ ಬರುವುದಿಲ್ಲ. ಕತ್ತರಿಸಿ ಪೊಟ್ಟಣ ಕಟ್ಟಿ ಮಾರುವವರು ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿಕೊಳ್ಳಬೇಕು.

ಕೊನೆಯ ಕೋಳಿ ಹೋದ ಮೇಲೆ ಹೊಟ್ಟು–ಹಿಕ್ಕೆಯನ್ನು ಎತ್ತಿ, ತೆಂಗಿನ ಗರಿ ಚೂರು, ಒಣ ಎಲೆಯ ಜೊತೆ ಪದರ ಪದರವಾಗಿ ಒಟ್ಟಿ, ನೀರು ಚಿಮುಕಿಸಿ ಮುಚ್ಚಿಡಿ. ಎರಡು ತಿಂಗಳಾದರೂ ಕೊಳೆಯಲಿ. ಕೊಟ್ಟಿಗೆ ಗೊಬ್ಬರಕ್ಕಿಂತ ಇದರಲ್ಲಿ ಸಾರಜನಕ ಜಾಸ್ತಿ, ಹಸಿಯಾಗಿ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಮಾಗಿದ್ದನ್ನು ತೆಂಗಿನ ಪಾತಿಗೆ ಮಳೆಗಾಲದ ಮುಂಚೆ ಹಾಕಿ.

ಶೆಡ್ ತೊಳೆದು, ಗೋಡೆಗೂ ನೆಲಕ್ಕೂ ಸುಣ್ಣ ಬಳಿದು ಹದಿನೈದು ದಿನ ಖಾಲಿ ಬಿಡಿ. "ಮರಿ ಸಿಕ್ತು ಅಂತ ನಾಲ್ಕೇ ದಿನಕ್ಕೆ ಹಾಕ್ದೆ" ಅನ್ನುವವರ ಎರಡನೇ ತಂಡದಲ್ಲಿ ಸಾವು ಯಾವಾಗಲೂ ಹೆಚ್ಚು. ಆ ಹದಿನೈದು ದಿನದಲ್ಲಿ ಜಾಲರಿ ತೂತು ಹೊಲಿಯಿರಿ, ಮರಿ ಕೇಂದ್ರಕ್ಕೆ ಮತ್ತೆ ಹೆಸರು ಬರೆಸಿ, ಪೇಟೆಗೆ ಹೋದಾಗ ಗಾಜಿನ ಬಲ್ಬು ನಾಲ್ಕು ಹೆಚ್ಚೇ ತಂದಿಟ್ಟುಕೊಳ್ಳಿ. ಹಳ್ಳಿ ಅಂಗಡಿಗಳಲ್ಲಿ ಅವು ಈಗ ಕೇಳಿದಾಗೆಲ್ಲ ಸಿಗುವುದಿಲ್ಲ.